ಸಂಶೋಧನೆಯ ಲೆಕ್ಕದಲ್ಲಿ ಕಾಣದ ಕರಾವಳಿ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಯಾರಿಗಾದರೂ ಎದೆನೋವು ಕಾಣಿಸಿಕೊಂಡರೆ ಮನೆಮಂದಿಯ ಬಾಯಿಗೆ ಮೊದಲು ಬರುವ ಹೆಸರು ಮಣಿಪಾಲ, ಇಲ್ಲವೇ ಮಂಗಳೂರು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್‌ನಲ್ಲಿ ಪಲ್ಟಿಯಾಗಿ ನಾಲ್ವರು ಜೀವ ಕಳೆದುಕೊಂಡರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಮುಗಿಲು ಮುಟ್ಟಿತು. ಆದರೆ ಆ ಕೂಗಿಗೆ ಆಧಾರವಾಗಬೇಕಾದ ಸಂಶೋಧನೆಯ ಲೆಕ್ಕವೂ ರೋಗಿಯ ಜೊತೆಗೇ ಜಿಲ್ಲೆಯ ಗಡಿ ದಾಟುತ್ತದೆ.

ಯಾವ ಪ್ರದೇಶದಿಂದ ಎಷ್ಟು ವೈಜ್ಞಾನಿಕ ಬರಹ ಹೊರಬಂದಿದೆ ಎಂದು ಎಣಿಸುವ ಕೆಲಸ ಹಳೆಯದು. 1917ರಲ್ಲಿ ಇಂಗ್ಲೆಂಡಿನ ಕೋಲ್ ಮತ್ತು ಈಲ್ಸ್, ಮೂರು ಶತಮಾನಗಳ ತುಲನಾತ್ಮಕ ಅಂಗರಚನಾಶಾಸ್ತ್ರದ ಪ್ರಕಟಣೆಗಳನ್ನು ದೇಶವಾರು ಲೆಕ್ಕ ಹಾಕಿದರು. 1948ರಲ್ಲಿ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಗ್ರಂಥಾಲಯದ ಕೆಲಸಕ್ಕೂ ಸಂಖ್ಯಾಶಾಸ್ತ್ರ ಬೇಕೆಂದು ವಾದಿಸಿದರು. ಅವರೇ 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಡಿಆರ್‌ಟಿಸಿ (ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಈ ವಿದ್ಯೆಗೆ ನಮ್ಮ ನೆಲದಲ್ಲಿ ನೆಲೆ ಕೊಟ್ಟಿತು. ಎರಡು ವರ್ಷದ ಬಳಿಕ ಯಾವ ಪ್ರಬಂಧವನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ತೋರಿಸುವ ಯೂಜೀನ್ ಗಾರ್ಫೀಲ್ಡ್ ಅವರ ಉಲ್ಲೇಖ ಸೂಚಿ ಬಂತು.

ಈಗ ಪಬ್‌ಮೆಡ್‌ನಂಥ ವೈದ್ಯಕೀಯ ಪ್ರಬಂಧಗಳ ಕೋಶದಲ್ಲಿ ‘ಹೃದ್ರೋಗ’ ಶೀರ್ಷಿಕೆಯಡಿಯ ಪ್ರಬಂಧಗಳನ್ನು ಹೆಕ್ಕಿ, ಲೇಖಕರ ವಿಳಾಸ ನೋಡಿ ಊರೂರಿಗೆ ಹಂಚುತ್ತಾರೆ. ಬೆಂಗಳೂರು, ಮಣಿಪಾಲ, ಕೆನಡಾದ ಮೂವರು ಸೇರಿ ಬರೆದಿದ್ದರೆ ಪ್ರತಿ ಸ್ಥಳಕ್ಕೂ ಒಂದೊಂದು ಎನ್ನಬಹುದು, ಇಲ್ಲವೇ ಮೂರನೇ ಒಂದು ಭಾಗ ಕೊಡಬಹುದು. ಪಬ್‌ಮೆಡ್ 1988ರಿಂದ ಮೊದಲ ಲೇಖಕರ ವಿಳಾಸವನ್ನಷ್ಟೇ ದಾಖಲಿಸುತ್ತಿತ್ತು. ಎಲ್ಲರ ವಿಳಾಸ ಸೇರತೊಡಗಿದ್ದು 2014ರಿಂದ. ಹಾಗಾಗಿ ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ತಾಳೆ ಹಾಕುವಾಗ ಎಚ್ಚರ ಬೇಕು.

ರೋಗಿಯ ವಿಳಾಸ ಮಾತ್ರ ಯಾವ ಎಣಿಕೆಗೂ ಸಿಗುವುದಿಲ್ಲ.

ರೋಗಿ ಎಷ್ಟು ದೂರದಿಂದ ಬಂದರು ಎಂಬುದು ಎಷ್ಟು ಮುಖ್ಯವೆಂದು ತಿಳಿಯಲು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರು 2008ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ‘ಕ್ರಿಯೇಟ್’ ಅಧ್ಯಯನ ನೋಡಬೇಕು. ದೇಶದ 50 ನಗರಗಳ 89 ಆಸ್ಪತ್ರೆಗಳಿಂದ 20,468 ರೋಗಿಗಳ ವಿವರ ಅದರಲ್ಲಿದೆ. ತೀವ್ರ ಹೃದಯಾಘಾತದಲ್ಲಿ ನೋವು ಶುರುವಾಗಿ ಆಸ್ಪತ್ರೆ ತಲುಪುವಷ್ಟರಲ್ಲಿ ಕಳೆದ ಸಮಯದ ಮಧ್ಯಾಂಕ 360 ನಿಮಿಷ. ರಕ್ತನಾಳ ಕಟ್ಟಿಕೊಂಡಾಗ ನಿಮಿಷ ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಆರು ಗಂಟೆ ಬಹಳ ದುಬಾರಿ.

ನಗರದ ಆಸ್ಪತ್ರೆ ತಲುಪಿದವರ ಲೆಕ್ಕ ಇದು. ನಮ್ಮ ಕರಾವಳಿಯವರಿಗೆ ಆ ನಗರವೇ ದೂರ: ಭಟ್ಕಳದಿಂದ ಮಣಿಪಾಲದ ಮಗ್ಗುಲಿನ ಉಡುಪಿಗೆ ಸುಮಾರು 90 ಕಿ.ಮೀ., ಕುಮಟಾದಿಂದ ಇನ್ನೂ ದೂರ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್‌ನಲ್ಲೇ ವರದಿ ನೋಡಿ ಸಲಹೆ ಕೊಡುವ ಜಾಲ ಕಟ್ಟಿದ್ದು ಈ ಅಂತರ ತಗ್ಗಿಸಲೆಂದೇ. ಅಂಥ ಇಸಿಜಿಗಳು ಮುಂದೆ ಪ್ರಬಂಧವಾಗುವಾಗ ರೋಗಿಯ ಹೆಸರು ಮರೆಯಾಗಿರಲಿ, ತಾಲ್ಲೂಕು ಮಾತ್ರ ಉಳಿಯಲಿ. ಕಾರವಾರದ ವೈದ್ಯಕೀಯ ಕಾಲೇಜು, ತಾಲ್ಲೂಕು ಆಸ್ಪತ್ರೆಗಳ ವೈದ್ಯರು ಸಹಲೇಖಕರಾಗಲಿ. ಆಗ ಉತ್ತರ ಕನ್ನಡಕ್ಕೆ ಹೃದ್ರೋಗ ಘಟಕ ಕೇಳುವವರ ಕೈಯಲ್ಲಿ ತಮ್ಮದೇ ಊರಿನ ಅಂಕಿಅಂಶ ಇರುತ್ತದೆ.