ಡಬ್ಬಿ ಮೇಲೆ ಸಿನಿಮಾ, ಒಳಗೆ ನಿರಾಸೆ



ಈ ಸಲ ಹಾಡು, ಅಡುಗೆ ಎರಡಕ್ಕೂ ರಜೆ. ಮಕ್ಕಳಿರುವ ಮನೆಗಳಲ್ಲಿ ನಡೆಯುವ ಒಂದು ಸಣ್ಣ ಜಗಳದ ವಿಷಯ ಹೇಳ್ತೀನಿ. ಸಿನಿಮಾ ನೋಡಿ ಬಂದ ಮಗು ಅದೇ ಸಿನಿಮಾದ ವಿಡಿಯೋ ಗೇಮ್ ಬೇಕು ಅಂತ ಹಟ ಹಿಡಿಯುತ್ತೆ. ನಾವು ಕೊಡಿಸ್ತೀವಿ. ಎರಡೇ ದಿನಕ್ಕೆ ಅದು ಮೂಲೆ ಸೇರುತ್ತೆ. ಬೈಗುಳ ಮಾತ್ರ ಮಗುವಿಗೆ! ಹೀಗೇಕೆ ಆಗುತ್ತೆ ಅನ್ನೋದಕ್ಕೆ ಕಾರಣಗಳಿವೆ. ಅದಕ್ಕೂ ಮುಂಚೆ ನಮ್ಮ ಮನೆಯ ಕಥೆ ಕೇಳಿ.

ಬೋಣಿ ದುಡ್ಡಿನ ಕಾರ್ಟ್ರಿಜ್

2005ರ ದೀಪಾವಳಿ. ವಸ್ತ್ರಾಪುರಕ್ಕೆ ಬಂದ ಮೇಲೆ ನಮ್ಮ ಹಬ್ಬಕ್ಕೆ ಗುಜರಾತಿನ ಹೊಸ ವರ್ಷವೂ ಸೇರಿಕೊಂಡಿತ್ತು. ಬೆಸ್ತು ವರಸ್ ದಿನ ನೆರೆಹೊರೆಯ ಹಿರಿಯರ ಕಾಲಿಗೆ ಬಿದ್ದರೆ ಮಕ್ಕಳ ಕೈಗೆ ಬೋಣಿ ಅಂತ ಹತ್ತು, ಇಪ್ಪತ್ತು, ಐವತ್ತು ರೂಪಾಯಿ ಬೀಳುತ್ತೆ. ಒಂಬತ್ತು ವರ್ಷದ ನನ್ನ ಮಗ ಎರಡು ವರ್ಷದ ಬೋಣಿ ಕೂಡಿಟ್ಟಿದ್ದ. ಸೋದರಮಾವ ಮಸ್ಕತ್‌ನಿಂದ ತಂದುಕೊಟ್ಟ ಗೇಮ್ ಬಾಯ್ ಅಡ್ವಾನ್ಸ್ ಮನೆಯಲ್ಲಿತ್ತು. ಡ್ರೈವ್ ಇನ್ ಚಿತ್ರಮಂದಿರದಲ್ಲಿ ಚಾಪೆ ಹಾಸಿಕೊಂಡು ನೋಡಿದ ಒಂದು ಕಾರ್ಟೂನ್ ಸಿನಿಮಾ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಅದರ ಹೆಸರು ಬೇಡ ಬಿಡಿ. ಸಾವಿರಕ್ಕೂ ಮೇಲೆ ಕೊಟ್ಟು ಅದೇ ಸಿನಿಮಾದ ಕಾರ್ಟ್ರಿಜ್ ತಂದೆವು.

ಮೊದಲ ದಿನ "ಹೇಗಿದೆಯೋ?" ಅಂದೆ. "ಚೆನ್ನಾಗಿದೆ ಅಪ್ಪಾ" ಅಂದ. ವಾರ ಕಳೆಯೋದರೊಳಗೆ ಮುಟ್ಟೋದೇ ನಿಲ್ಲಿಸಿದ. ಒಂದು ಸಂಜೆ ನೋಡಿದರೆ ಮಷಿನ್ ಪಕ್ಕಕ್ಕಿಟ್ಟು ಬರೀ ಖಾಲಿ ಡಬ್ಬಿಯ ಮೇಲಿನ ಚಿತ್ರ ನೋಡ್ತಾ ಕೂತಿದ್ದ. ನನಗೆ ರೇಗಿತು. "ದುಡ್ಡು ದಂಡ! ನಿನಗೆ ಆಡೋಕೇ ಬರಲ್ಲ" ಅಂದುಬಿಟ್ಟೆ. ಅವನು ಎದುರಾಡಲಿಲ್ಲ. ಡಬ್ಬಿ ಎತ್ತಿಕೊಂಡು ಒಳಗೆ ಹೋದ. ಆ ಮಾತು ಎಷ್ಟು ತಪ್ಪು ಅಂತ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ.

ಕ್ಯಾಲೆಂಡರ್ ಕಾಟ

ಸಿನಿಮಾ ಆಧಾರಿತ ಆಟಕ್ಕೆ ಮೊದಲ ಶತ್ರು ಕ್ಯಾಲೆಂಡರ್. ಬೇರೆ ಆಟ ಸಿದ್ಧವಾಗದಿದ್ದರೆ ಮುಂದಕ್ಕೆ ಹಾಕಬಹುದು. ಇದನ್ನು ಹಾಕೋ ಹಾಗಿಲ್ಲ. ಪೋಸ್ಟರ್ ಗೋಡೆ ಮೇಲಿರುವಾಗಲೇ ಡಬ್ಬಿ ಅಂಗಡಿಯಲ್ಲಿರಬೇಕು. ಮದುವೆ ಮುಹೂರ್ತ ಗೊತ್ತಾದ ಮೇಲೆ ಅಡುಗೆ ಬೆಂದಿಲ್ಲ ಅಂದರೆ ಯಾರು ಕೇಳ್ತಾರೆ? ಅರ್ಧ ಬೆಂದದ್ದೇ ಎಲೆಗೆ ಬರುತ್ತೆ.

ಇದಕ್ಕೆ ಜಗತ್ತೇ ಕೊಡುವ ಉದಾಹರಣೆ ಇ.ಟಿ. ಸ್ಪೀಲ್‌ಬರ್ಗ್ ಅವರ ಆ ಸಿನಿಮಾ 1982ರ ಜೂನ್‌ನಲ್ಲಿ ಬಂತು. ಅದೇ ವರ್ಷದ ಕ್ರಿಸ್‌ಮಸ್ ವ್ಯಾಪಾರಕ್ಕೆ ಆಟ ಬೇಕು ಅಂತ ಅಟಾರಿ ಕಂಪನಿ ಹಟ ಹಿಡಿಯಿತು. ಅದು ಟಿವಿಗೆ ಜೋಡಿಸಿ ಆಡುವ ಆಟ. ತಯಾರಿಸಿದ ಹೊವಾರ್ಡ್ ಸ್ಕಾಟ್ ವಾರ್ಶಾ ಅವರಿಗೆ ಸಿಕ್ಕಿದ್ದು ಬರೀ ಐದು ವಾರ! ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳನ್ನು ಬೇರೆ ಆಟಗಳ ಜೊತೆ 1983ರಲ್ಲಿ ಅಮೆರಿಕದ ಅಲಮಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು. ಬಹಳ ಜನ ಇದನ್ನು ಕಟ್ಟುಕಥೆ ಅಂದುಕೊಂಡಿದ್ದರು. 2014ರಲ್ಲಿ ಅಗೆದಾಗ ನಿಜಕ್ಕೂ ಸಿಕ್ಕವು.

ಇದಕ್ಕೆ ತದ್ವಿರುದ್ಧ ಗೋಲ್ಡನ್‌ಐ. ಜೇಮ್ಸ್ ಬಾಂಡ್ ಸಿನಿಮಾ ಬಂದದ್ದು 1995ರ ನವೆಂಬರ್‌ನಲ್ಲಿ, ಆಟ ಬಂದದ್ದು 1997ರ ಆಗಸ್ಟ್‌ನಲ್ಲಿ. ಸಿನಿಮಾ ಹಳೆಯದಾಗಿತ್ತು, ಆದರೆ ಆಟ ಹದವಾಗಿ ಬೆಂದಿತ್ತು. 80 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.

ಒಂದೇ ಹೆಸರು, ಬೇರೆ ಬೇರೆ ಆಟ

ಎರಡನೆಯ ಸಂಗತಿ ನಮ್ಮಂಥ ಅಪ್ಪ ಅಮ್ಮಂದಿರಿಗೆ ಗೊತ್ತೇ ಇರೋದಿಲ್ಲ. 2004ರ ಸ್ಪೈಡರ್‌ಮ್ಯಾನ್ 2 ಆಟವನ್ನೇ ತಗೊಳ್ಳಿ. ಪ್ಲೇಸ್ಟೇಷನ್ 2ರ ಆಟ ಮಾಡಿದ್ದು ಟ್ರೇಯಾರ್ಕ್. ಅದರಲ್ಲಿ ಇಡೀ ಮ್ಯಾನ್‌ಹಟನ್ ಮೇಲೆ ಬಲೆ ಬೀಸಿ ಮನಸೋ ಇಚ್ಛೆ ಹಾರಾಡಬಹುದಿತ್ತು. ಎಲ್ಲರೂ ಹೊಗಳಿದ್ದು ಅದನ್ನೇ. ಗೇಮ್ ಬಾಯ್ ಅಡ್ವಾನ್ಸ್‌ನ ಆಟ ಮಾಡಿದ್ದು ಡಿಜಿಟಲ್ ಎಕ್ಲಿಪ್ಸ್, ನಿಂಟೆಂಡೊ ಡಿಎಸ್‌ನದು ವೈಕೇರಿಯಸ್ ವಿಷನ್ಸ್, ಕಂಪ್ಯೂಟರಿನದು ಫಿಜ್ ಫ್ಯಾಕ್ಟರ್. ನಾಲ್ಕು ಕಂಪನಿ, ನಾಲ್ಕು ಆಟ, ಹೆಸರು ಮಾತ್ರ ಒಂದೇ! ಗೆಳೆಯನ ಮನೆಯ ಟಿವಿಯಲ್ಲಿ ಆಡಿ ಬಂದ ಹುಡುಗ ಅದೇ ಹೆಸರಿನ ಪುಟ್ಟ ಕಾರ್ಟ್ರಿಜ್ ತಂದರೆ, ಅವನಿಗೆ ಸಿಗೋದು ಬೇರೆಯವರು ಮಾಡಿದ ಬೇರೆ ಆಟ.

ಇನ್ನು ಮಷಿನ್‌ನ ಶಕ್ತಿ. ಗೇಮ್ ಬಾಯ್ ಅಡ್ವಾನ್ಸ್‌ನ ಪರದೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಅದರಲ್ಲಿ ಅಡ್ಡಕ್ಕೆ 240, ಉದ್ದಕ್ಕೆ 160 ಚುಕ್ಕೆ, ಒಟ್ಟು 38,400. ನಮ್ಮ ಮನೆಯ ಡಿವಿಡಿಯ ಚಿತ್ರದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು. ಹೀಗಾಗಿ ಸಿನಿಮಾದ ಮುಖ, ಮಳೆ, ಕಣ್ಣೀರು ಎಲ್ಲವೂ ಕೆಲವು ಚುಕ್ಕೆಗಳಾಗಿ ಕುಗ್ಗುತ್ತವೆ. ಉಳಿಯೋದು ಎಡದಿಂದ ಬಲಕ್ಕೆ ಓಡೋದು, ಹಾರೋದು, ಗುದ್ದೋದು. ಇಷ್ಟರಲ್ಲೇ ಸೊಗಸಾದ ಆಟಗಳನ್ನು ಮಾಡಿದವರಿದ್ದಾರೆ, ಅದು ಬೇರೆ ಮಾತು. ಆದರೆ ಅವು ಪುಟ್ಟ ಪರದೆಗೆಂದೇ ಹುಟ್ಟಿದವು. ಸಿನಿಮಾ ಹಾಗಲ್ಲ.

ನೋಡೋದೇ ಬೇರೆ, ಆಡೋದೇ ಬೇರೆ

ಎಲ್ಲಕ್ಕಿಂತ ದೊಡ್ಡ ಕಾರಣ ಇದು. ಸಿನಿಮಾದಲ್ಲಿ ನಾಯಕ ಸೋತರೆ ನಮ್ಮ ಕಣ್ಣಲ್ಲಿ ನೀರು. ಆಟದಲ್ಲಿ ನಾಯಕ ಸೋತರೆ ಸೋತವರು ನಾವು, ಮತ್ತೆ ಮೊದಲಿಂದ ಶುರು. ಸಿನಿಮಾ ಮುಗಿದು ದೀಪ ಹತ್ತಿದಾಗ ಮಗುವಿಗೆ ಎದ್ದು ಬರೋಕೆ ಮನಸ್ಸಾಗೋದಿಲ್ಲ. ಆ ಲೋಕದಲ್ಲಿ ಇನ್ನಷ್ಟು ಹೊತ್ತು ಇರಬೇಕು ಅನ್ನೋ ಆಸೆ. ಡಬ್ಬಿ ಮೇಲಿನ ಚಿತ್ರ ಕೊಡುವ ಮಾತೂ ಅದೇ. ಒಳಗಿನ ಕಾರ್ಟ್ರಿಜ್‌ಗೆ ಆ ಮಾತು ಉಳಿಸಿಕೊಳ್ಳೋಕೆ ಆಗೋದಿಲ್ಲ. ನನ್ನ ಮಗ ಅಂದು ಖಾಲಿ ಡಬ್ಬಿ ನೋಡ್ತಾ ಕೂತಿದ್ದು ಯಾಕೆ ಅಂತ ಈಗ ಅರ್ಥವಾಗುತ್ತೆ. ಅವನಿಗೆ ಬೇಕಾಗಿದ್ದ ಸಿನಿಮಾ ಇದ್ದದ್ದು ಆ ಡಬ್ಬಿಯ ಮೇಲೆ ಮಾತ್ರ.

ನಮ್ಮ ದೇಶದಲ್ಲಿ

ನಮ್ಮಲ್ಲೂ ಪ್ರಯತ್ನಗಳಾಗಿವೆ. ಶಾರುಖ್ ಖಾನ್ ಅವರ ಡಾನ್ 2 ತೆರೆಗೆ ಬಂದದ್ದು 2011ರ ಡಿಸೆಂಬರ್‌ನಲ್ಲಿ. ಅದರ ಆಟ ಪ್ಲೇಸ್ಟೇಷನ್ 2 ಮತ್ತು ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಗೆ ಬಂದದ್ದು 2013ರಲ್ಲಿ. ಅಷ್ಟರಲ್ಲಿ ಎರಡೂ ಮಷಿನ್‌ಗಳಿಗೆ ವಯಸ್ಸಾಗಿತ್ತು, ಹುಡುಗರ ಕೈಗೆ ಮೊಬೈಲ್ ಬಂದಿತ್ತು.

ಆ ಮೊಬೈಲ್‌ಗೆ ಅದೇ ವರ್ಷ ಧೂಮ್ 3 ಸಿನಿಮಾದ ಬೈಕ್ ಆಟ ಬಂತು. ಮಾಡಿದ್ದು ಯಾರು ಗೊತ್ತೇ? ನಮ್ಮ ಉಡುಪಿಯ 99ಗೇಮ್ಸ್! ಕೃಷ್ಣಮಠ, ಮಸಾಲೆದೋಸೆಯ ಊರಿನಿಂದ ಬಾಲಿವುಡ್‌ಗೆ ಆಟ ಹೋಯಿತು. ಇಡೀ ಕಥೆ ಹೇಳೋ ಗೋಜಿಗೆ ಹೋಗದೆ ಆ ಸಿನಿಮಾದ ಬೈಕ್ ಓಟವೊಂದನ್ನೇ ಹಿಡಿದದ್ದು ಜಾಣತನ. ಅಂಥ ಆಟಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಆದರೆ ಪುಕ್ಕಟೆ ಆಟಗಳಲ್ಲಿ ದುಡ್ಡು ಕೇಳೋದು ಬಾಗಿಲಲ್ಲಿ ಅಲ್ಲ, ಒಳಗೆ ಹೋದ ಮೇಲೆ. ಇದು ನೆನಪಿರಲಿ.

ಕೊಡಿಸುವ ಮುಂಚೆ

ಸಿನಿಮಾ ಬಂದ ವಾರವೇ ಆಟ ಕೊಳ್ಳಬೇಡಿ. ಒಂದು ತಿಂಗಳು ಕಾಯಿರಿ, ಆಡಿದ ಹುಡುಗರನ್ನು ಕೇಳಿ. ಡಬ್ಬಿಯ ಮುಂದಿನ ದೊಡ್ಡ ಚಿತ್ರ ಬಿಟ್ಟು ಹಿಂಬದಿಯ ಸಣ್ಣ ಚಿತ್ರ ನೋಡಿ, ಆಟ ಕಾಣಿಸೋದು ಅಲ್ಲಿ. ನಿಮ್ಮ ಮಷಿನ್‌ಗೆ ಅದನ್ನು ಮಾಡಿದವರು ಯಾರು ಅಂತ ಓದಿ. ಮೊಬೈಲ್ ಆದರೆ ಒಳಗೆ ಖರೀದಿ ಇದೆಯೇ ಅಂತ ನೋಡಿ, ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಇಷ್ಟಾದ ಮೇಲೂ ನಿರಾಸೆಯಾದರೆ "ಯಾವುದು ಸರಿ ಇಲ್ಲಪ್ಪಾ?" ಅಂತ ಕೇಳಿ. ಚೆನ್ನಾಗಿಲ್ಲ ಅನ್ನೋಕೆ ಮಗುವಿಗೆ ಧೈರ್ಯ ಬೇಕು, ಅದರಲ್ಲೂ ತನ್ನದೇ ಬೋಣಿ ದುಡ್ಡು ಹೋದಾಗ.

ನನ್ನ ಮಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಳೆದ ದೀಪಾವಳಿಗೆ ಬಂದಾಗ ಅಟ್ಟದಲ್ಲಿ ಆ ಡಬ್ಬಿ ಸಿಕ್ಕಿತು. ಮೇಲೆ ಬರೆದದ್ದರಲ್ಲಿ ಅರ್ಧ ಪಾಠ ಅಂದು ಅವನೇ ನನಗೆ ಹೇಳಿದ್ದು. ಎಲ್ಲ ಕೇಳಿ, "ಅವತ್ತು ಸುಮ್ಮನೆ ಬೈದೆ ಕಣೋ" ಅಂದೆ. "ಬಿಡಿ ಅಪ್ಪಾ, ಆದರೆ ನನಗೆ ಆಡೋಕೆ ಬರ್ತಿತ್ತು" ಅಂದ. ಇಪ್ಪತ್ತು ವರ್ಷ ಆ ಮಾತು ಅವನ ಒಳಗೇ ಇತ್ತು ನೋಡಿ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದೆಯೇ? ಬರೆದು ಕಳಿಸಿ, ಕನ್ನಡದ ಹೊತ್ತಿನಲ್ಲಿ ಓದೋಣ. ಅಲ್ಲಿಯವರೆಗೆ ಕೇಳ್ತಾ ಇರಿ!