ಅನಿಶ್ಚಿತ ಆದಾಯವೂ ಮನಸ್ಸಿನ ಸ್ವಾಸ್ಥ್ಯವೂ

ಬಡತನವು ದುಃಖಕರವೆಂಬದನ್ನು ಎಲ್ಲರೂ ಬಲ್ಲರು. ಆದರೆ ಬರತಕ್ಕ ಹಣವು ಎಂದು ಬರುವದು, ಎಷ್ಟು ಬರುವದು ಎಂದು ತಿಳಿಯದೆ ಕಾಲ ಕಳೆಯುವದು ಬಡತನಕ್ಕಿಂತ ಬೇರೆಯಾದ ಇನ್ನೊಂದು ವ್ಯಾಧಿಯೆಂಬದು ಅಷ್ಟಾಗಿ ಜನರ ಲಕ್ಷ್ಯಕ್ಕೆ ಬಂದಿಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳನ್ನು ನೋಡಿದವರಿಗೆ ಈ ವ್ಯಾಧಿಯ ಪರಿಚಯವಾಗದೆ ಇರದು.

ಈ ತಾಲೂಕುಗಳ ಎರೆಭೂಮಿಯಲ್ಲಿ ತೊಗರಿಯೇ ರೈತನ ಮುಖ್ಯ ಆಧಾರವು. 2019ರಲ್ಲಿ ಕಲಬುರಗಿಯ ತೊಗರಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತದ್ದು ಸಂತೋಷವೇ ಸರಿ. ಆದರೆ ಮುಂಗಾರಿನಲ್ಲಿ ಬಿತ್ತಿದ ಪೈರು ಕೈಗೆ ಬರುವದು ಡಿಸೆಂಬರ, ಜನೆವರಿಯ ಸುಮಾರಿಗೆ. ಅಷ್ಟು ದಿನವೂ ಮಳೆಯ ಚಿಂತೆ, ಹುಳದ ಚಿಂತೆ, ನೆಟೆರೋಗದ ಚಿಂತೆ. 2020ರ ಅಕ್ಟೋಬರದಲ್ಲಿ ಭೀಮಾ ನದಿಯು ಉಕ್ಕಿ ಅಫಜಲಪುರ, ಜೇವರ್ಗಿಗಳ ದಂಡೆಯ ಹೊಲಗಳನ್ನು ನುಂಗಿತು. 2022ರಲ್ಲಿ ನೆಟೆರೋಗವು ನಿಂತ ಪೈರನ್ನೇ ಒಣಗಿಸಿತು. ಪೈರು ಉಳಿದರೂ ಧಾರಣೆಯ ಭರವಸೆಯಿಲ್ಲ. 2015ರಲ್ಲಿ ಗಗನಕ್ಕೇರಿದ ತೊಗರಿಯ ಬೆಲೆಯು 2017ರ ವೇಳೆಗೆ ಕುಸಿದುಬಿದ್ದಿತು. ಹೊಲವಿಲ್ಲದ ಕೂಲಿಕಾರನ ಪಾಡು ಇದಕ್ಕಿಂತಲೂ ಕಷ್ಟತರವು. ಸುಗ್ಗಿ ತೀರಿತೆಂದರೆ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಗುಳೆ. ಮಕ್ಕಳ ಶಾಲೆಯು ನಡುವೆಯೇ ನಿಲ್ಲುವದು, ರೋಗಿಯ ಔಷಧವು ಮುಂದಿನ ಕೂಲಿಯವರೆಗೆ ಕಾಯುವದು.

ಇಂಥವರು ದುಬಾರಿ ಬಡ್ಡಿಗೆ ಸಾಲ ಮಾಡಿದಾಗ ಪಟ್ಟಣವಾಸಿಗಳಾದ ನಾವು ಅವಿವೇಕವೆಂದು ಹಳಿಯುತ್ತೇವೆ. 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಈ ವಿಷಯದಲ್ಲಿ ವಿಚಾರಾರ್ಹವಾಗಿದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿನ ಮೊದಲೂ ತರುವಾಯವೂ ಪರೀಕ್ಷಿಸಲಾಗಿ, ಅದೇ ಮನುಷ್ಯನು ಕೈ ಬರಿದಾಗಿದ್ದಾಗ ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬಿದ್ದನು, ಹಣ ಬಂದ ಬಳಿಕ ಸುಧಾರಿಸಿದನು. ಬುದ್ಧಿಯು ಅವನಲ್ಲಿ ಇದ್ದೇ ಇತ್ತು. ಚಿಂತೆಯು ಅದನ್ನು ಒತ್ತೆ ಹಿಡಿದಿತ್ತು. ಚಿತೆಗೂ ಚಿಂತೆಗೂ ಬಿಂದುಮಾತ್ರ ಅಂತರವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಣದಷ್ಟೇ ಹಣದ ದಿನವೂ ಮುಖ್ಯವೆಂಬದು ಶಾಸನಕರ್ತರಿಗೆ ತಿಳಿಯದ ಮಾತಲ್ಲ. 1966ರ ಕಬ್ಬು ನಿಯಂತ್ರಣ ಆಜ್ಞೆಯು ಕಬ್ಬಿನ ಹಣಕ್ಕೆ 14 ದಿನಗಳ ಅವಧಿಯನ್ನು ಕಟ್ಟಿತು. 2005ರ ಗ್ರಾಮೀಣ ಉದ್ಯೋಗ ಖಾತ್ರಿ ಕಾಯದೆಯು ಕೂಲಿಯನ್ನು 15 ದಿನಗಳೊಳಗೆ ಸಲ್ಲಿಸತಕ್ಕದ್ದೆಂದು ವಿಧಿಸಿತು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2000 ರೂಪಾಯಿಯ ಬೆಲೆಯೂ ಅದು ತಪ್ಪದೆ ಬರುವದರಲ್ಲಿಯೇ ಇದೆ. ಕಂತು ತಡವಾದರೆ ಕಿರಾಣಿ ಅಂಗಡಿಯ ಉದ್ರಿಯು ಬೆಳೆಯುವದು, ಮನೆಯಾಕೆಯ ನೆಮ್ಮದಿಯು ಕರಗುವದು.

ತಿಂಗಳು ತಿಂಗಳಿಗೆ ವೇತನವನ್ನೆಣಿಸುವ ಅಧಿಕಾರಿ ಮಹಾಶಯರಲ್ಲಿ ನಮ್ಮದೊಂದೇ ವಿನಂತಿ. ಬೆಳೆ ವಿಮೆಯ ಹಣ, ಖರೀದಿಸಿದ ತೊಗರಿಯ ಹಣ, ಕೂಲಿಯ ಹಣ, ಇವು ಪ್ರತಿಯೊಂದಕ್ಕೂ ಒಂದು ತಾರೀಖನ್ನು ಗೊತ್ತುಪಡಿಸಿ ಪಂಚಾಯತಿಯ ಹಲಗೆಯ ಮೇಲೆ ಬರೆಯಿಸಿರಿ. ಬರೆಯಿಸಿದ ತಾರೀಖನ್ನು ನಡೆಸಿಕೊಡಿರಿ. ಮಳೆಯನ್ನು ಆಳುವದು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಆದರೆ ಮೇಜಿನ ಮೇಲಿನ ಕಾಗದವನ್ನು ಮುಂದೆ ಸಾಗಿಸುವದಕ್ಕೆ ಮಳೆಯ ಅಪ್ಪಣೆ ಬೇಕಾಗಿಲ್ಲ.