ಘಟ್ಟದ ಗಾಡಿಯೂ ಮನುಷ್ಯನ ಮರೆವೂ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ರೈಲಿನ ಹಾದಿ ಸುಮಾರು 55 ಕಿಲೋಮೀಟರು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲುಗಳನ್ನು ಹಾಯ್ದು, 57 ಸುರಂಗಗಳನ್ನು ನುಸುಳಿ ಗಾಡಿಯು ಘಟ್ಟವನ್ನಿಳಿಯುತ್ತದೆ. 1979ರಲ್ಲಿ ಮೀಟರ್‌ಗೇಜ್ ಹಳಿಯಾಗಿ ತೆರೆದ ಈ ಮಾರ್ಗವು ಬ್ರಾಡ್‌ಗೇಜ್ ಆದ ಮೇಲೆ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೆ ಮತ್ತೆ ದೊರೆಯಿತು. ಕಿಟಕಿಗೆ ಮುಖವಿಟ್ಟ ಮಕ್ಕಳು ಕಾಡು, ತೊರೆಗಳನ್ನು ಕಂಡು ಹಿಗ್ಗುತ್ತಾರೆ. ಚಾಲಕನ ಗಮನವೆಲ್ಲ 50 ಮೀಟರಿಗೆ 1 ಮೀಟರಿನಂತೆ ಇಳಿಯುವ ಹಳಿಯ ಮೇಲೆ.

ಇಳಿಜಾರಿನಲ್ಲಿ ಸಣ್ಣದೊಂದು ತಪ್ಪು ಎಂತಹ ಅನಾಹುತ ತರಬಲ್ಲದೆಂಬುದನ್ನು ಜಗತ್ತು ಕಂಡಿದೆ. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಊರಿನ ಬಳಿ, ವಿಹಾರಕ್ಕೆ ಹೊರಟ ಮಕ್ಕಳು ತುಂಬಿದ್ದ ಗಾಡಿಯೊಂದು ಏರು ಹತ್ತಲಾರದೆ ನಿಂತಿತು. ಅದನ್ನು ಎರಡಾಗಿ ಬಿಡಿಸಿ ಮುಂಭಾಗವನ್ನು ಮೊದಲು ಒಯ್ಯಲು ನೌಕರರು ನಿಶ್ಚಯಿಸಿದರು. ಹಿಂದಿನ ಡಬ್ಬಿಗಳ ಗಾಲಿಗಳಿಗೆ ಕಲ್ಲು ಕೊಟ್ಟರು. ಇಂಜಿನ್ ತುಸು ಹಿಂದಕ್ಕೆ ಸರಿದು ತಗುಲಿದ್ದೇ ತಡ, ಆ ಡಬ್ಬಿಗಳು ಇಳಿಜಾರಿನಲ್ಲಿ ಉರುಳಿ, ಹಿಂದೆ ಬರುತ್ತಿದ್ದ ಮತ್ತೊಂದು ಗಾಡಿಗೆ ಅಪ್ಪಳಿಸಿದವು. 80 ಮಂದಿ ಮಡಿದರು.

ತಪ್ಪು ಯಾರದು? ನೌಕರರದೆಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಆ ಗಾಡಿಯ ಬ್ರೇಕು ಇಂಜಿನಿನ ಸಂಬಂಧ ಕಳಚಿದೊಡನೆ ಹಿಡಿತ ಬಿಡುವಂಥದಾಗಿತ್ತು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು, ಗಾಡಿ ತುಂಡಾದರೆ ತಾನಾಗಿಯೇ ಬಿಗಿಯುವ ಬ್ರೇಕನ್ನು ಪ್ರಯಾಣಿಕರ ಗಾಡಿಗಳಿಗೆ ಕಡ್ಡಾಯಗೊಳಿಸಿತು. ಮುಂದಿನ ಗಾಡಿ ಒಂದು ವಿಭಾಗವನ್ನು ದಾಟುವವರೆಗೆ ಹಿಂದಿನದನ್ನು ಅದರೊಳಕ್ಕೆ ಬಿಡಬಾರದೆಂಬ ಪದ್ಧತಿಯೂ ಕಾನೂನಾಯಿತು.

ಮನುಷ್ಯ ಮರೆಯುತ್ತಾನೆ, ದಣಿಯುತ್ತಾನೆ. ಆದ್ದರಿಂದ ಅವನ ತಪ್ಪು ಪ್ರಾಣಕ್ಕೆ ಎರವಾಗದಂತೆ ಏರ್ಪಾಡಿರಬೇಕು ಎಂಬುದೇ ಇದರ ತತ್ತ್ವ. ಇಂದಿನ ಗಾಡಿಯಲ್ಲಿ ಕೊಳವೆಯ ಗಾಳಿಯ ಒತ್ತಡ ಕುಗ್ಗಿದರೆ ಪ್ರತಿ ಡಬ್ಬಿಯ ಬ್ರೇಕೂ ತಾನೇ ಬಿಗಿಯುತ್ತದೆ. ಘಟ್ಟದಲ್ಲಿ ವೇಗಕ್ಕೆ ಮಿತಿಯುಂಟು. ನೆರವಿಗೆ ಬ್ಯಾಂಕರ್ ಇಂಜಿನುಗಳುಂಟು. ಕಡಿದಾದ ಘಟ್ಟದ ಹಾದಿಗಳಲ್ಲಿ ಕ್ಯಾಚ್ ಸೈಡಿಂಗ್ ಎಂಬ ಪಕ್ಕದ ಹಳಿಯೂ ಇರುತ್ತದೆ. ಅಂಕೆ ತಪ್ಪಿ ಬಂದ ಗಾಡಿ ಆ ಹಳಿಗೆ ತಿರುಗಿ, ನಿಲ್ದಾಣದೊಳಕ್ಕೆ ನುಗ್ಗದೆ ನಿಲ್ಲುತ್ತದೆ.

ಹಾಗೆಂದು ಯಂತ್ರವೇ ಸರ್ವಸ್ವವಲ್ಲ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ, ಕಡಗರವಳ್ಳಿಗಳ ನಡುವೆ ಗುಡ್ಡ ಕುಸಿದು ಸಂಚಾರ ನಿಂತಿತು. ಮಳೆಗಾಲದಲ್ಲಿ ಹಳಿಯುದ್ದಕ್ಕೂ ನಡೆದು ಮಣ್ಣಿನ ಬಿರುಕನ್ನು ಗುರುತಿಸುವುದು ಗಸ್ತಿನವನ ಕಣ್ಣು. ತನಗೆ ಬಂದ ಅನುಮಾನವನ್ನು, ತನ್ನಿಂದಾದ ಲೋಪವನ್ನು ಕೂಡ ಅವನು ನಿರ್ಭಯವಾಗಿ ತಿಳಿಸುವಂತಿರಬೇಕು. ಹೇಳಿದವನಿಗೆ ಗದರಿಕೆಯೇ ಸಿಕ್ಕರೆ ಮುಂದಿನ ಸಲ ಅವನು ಮೌನವಾಗುತ್ತಾನೆ. ಆಗ ತಪ್ಪು ತಿದ್ದುವ ಅವಕಾಶವೂ ಕೈತಪ್ಪುತ್ತದೆ.